ಸೌದೆ ಡಿಪೋ ಯಾರ ಹೆಸರಿನಲ್ಲಿದೆ?

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



‘ಮಹಿಳೆ ಮತ್ತು ಉದ್ಯಮ’ ಎಂಬ ವಿಷಯದ ಮೇಲೆ ಮಾತಾಡಬೇಕು ಎಂದು ಹೇಳಿದ್ದರು. ಎಂ.ಟೆಕ್ ಮಾಡಿ ಪುಣೆಯ ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು, ಸ್ಟಾರ್ಟಪ್ ಬಗ್ಗೆ ಏನಾದರೂ ಹೇಳುತ್ತಾಳೆ ಎಂದು ನೀವು ಅಂದುಕೊಂಡಿರಬಹುದು. ಆದರೆ ಒಳಹೊರಗು ಎರಡೂ ಗೊತ್ತಿರುವ ಉದ್ಯಮ ನನಗೆ ಒಂದೇ. ಅದು ಸಾಗರದ ಹತ್ತಿರ ನಮ್ಮ ಮನೆಯವರು ನಡೆಸುತ್ತಿರುವ ಸೌದೆ ಡಿಪೋ. ಇವತ್ತು ಅದರ ಬಗ್ಗೆಯೇ ಹೇಳುತ್ತೇನೆ.

ಮೊದಲಿಗೆ, ಪುಣೆಯಲ್ಲಿ ಎಲ್ಲರೂ ನನಗೆ ಕೇಳುವ ಪ್ರಶ್ನೆ. ಗ್ಯಾಸ್ ಬಂದಮೇಲೆ ಸೌದೆ ಯಾರಿಗೆ ಬೇಕು? ಮನೆಯ ಅಡಿಗೆಗೆ ಬೇಡ, ಬೇಡವಾದದ್ದು ಒಳ್ಳೆಯದೇ ಆಯಿತು. ನಮ್ಮಜ್ಜಿ ಜೀವನವೆಲ್ಲ ಊದುಗೊಳವೆ ಹಿಡಿದು ಕೆಮ್ಮಿದವಳು. 2016ರಲ್ಲಿ ಉಜ್ವಲಾ ಯೋಜನೆ ಬಂದು ಊರಿನ ಮನೆಗಳಿಗೆ ಸಿಲಿಂಡರ್ ತಲುಪಿದಾಗ ನಮ್ಮಮ್ಮ ವ್ಯಾಪಾರ ಹೋಯಿತೆಂದು ಬೇಸರಪಡಲಿಲ್ಲ. ನಮ್ಮ ಗಿರಾಕಿಗಳು ಬೇರೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಸುಲಿದ ಅಡಿಕೆಯನ್ನು ಚೊಗರು ಹಾಕಿ ದೊಡ್ಡ ಹಂಡೆಗಳಲ್ಲಿ ಬೇಯಿಸುವವರು, ಮದುವೆ ಮುಂಜಿಗೆ ಅಡಿಗೆ ಮಾಡುವ ಭಟ್ಟರು, ಒಂದೆರಡು ಬೇಕರಿಯವರು. ಮತ್ತೆ ಸಾವಿನ ಮನೆಯವರು.

ಎರಡನೆಯ ಪ್ರಶ್ನೆ, ಮರ ಕಡಿಯುವುದು ತಪ್ಪಲ್ಲವೆ? ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಾಗದ ಮರವಾದರೂ ಕಡಿಯಲು ಅನುಮತಿ ಬೇಕು. ಗಾಳಿಮರ, ನೀಲಗಿರಿ, ಸಿಲ್ವರ್ ಓಕ್, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ತೋಟದ ಸಿಲ್ವರ್ ಓಕ್, ಹಳೆಯ ರಬ್ಬರ್, ಮಳೆಗಾಲದಲ್ಲಿ ಬಿದ್ದ ಮರ, ನೆಟ್ಟು ಬೆಳೆಸಿದ ಅಕೇಶಿಯಾ. ಕಾಗದವಿಲ್ಲದ ಲೋಡು ಎಷ್ಟೇ ಅಗ್ಗವಾಗಿರಲಿ, ಅಮ್ಮ ಗೇಟು ತೆಗೆಯುವುದಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ಸೌದೆ ವ್ಯಾಪಾರದ ಗುಟ್ಟು ನೀರಿನಲ್ಲಿದೆ. ಆಗಷ್ಟೇ ಕಡಿದ ಹಸಿ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರೇ ಇರುತ್ತದೆ. ಚೆನ್ನಾಗಿ ಒಣಗಿದ ಸೌದೆಯಲ್ಲಿ ನೀರು ಶೇಕಡಾ 20ಕ್ಕಿಂತ ಹೆಚ್ಚಿರಬಾರದು. ಅಂದರೆ 1,000 ಕೆ.ಜಿ. ಹಸಿ ಮರ ಕೊಂಡರೆ ಅದರಲ್ಲಿ ಮರ 500 ಕೆ.ಜಿ., ನೀರು 500. ಒಣಗಿದಮೇಲೆ ಕೈಗೆ ಸಿಗುವುದು 625 ಕೆ.ಜಿ. ಉಳಿದ 375 ಕೆ.ಜಿ. ಗಾಳಿಗೆ ಹೋಯಿತು. ಹಸಿಯನ್ನು ಟನ್ನಿಗೆ 3,000 ರೂಪಾಯಿಗೆ ಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಒಣಗಿದ ಸೌದೆಯ ಅಸಲು ಟನ್ನಿಗೆ 4,800 ಆಯಿತು. ಕೊಯ್ಯುವ ಕೂಲಿ, ಸೀಳುವ ಕೂಲಿ, ಪೆಟ್ರೋಲು, ಶೆಡ್ಡಿನ ಖರ್ಚು ಅದರ ಮೇಲೆ.

ಇದನ್ನು ತಿಳಿಯದೆ ಶುರು ಮಾಡಿದವರು ಒಂದೇ ವರ್ಷಕ್ಕೆ ಮುಚ್ಚುತ್ತಾರೆ. ತಿಳಿದವರಲ್ಲಿ ಕೆಲವರು ಹಸಿಯನ್ನೇ ತೂಗಿ ಮಾರುತ್ತಾರೆ. ಗಿರಾಕಿ ನೀರಿಗೆ ದುಡ್ಡು ಕೊಟ್ಟು ಮನೆಗೆ ಹೋಗಿ ಹೊಗೆ ಕುಡಿಯುತ್ತಾನೆ. ಅಮ್ಮ ಎರಡು ಕುಂಟೆಗಳನ್ನು ಒಂದಕ್ಕೊಂದು ತಟ್ಟಿ ತೋರಿಸಿ ಕೊಡುತ್ತಾಳೆ. ಒಣಗಿದ್ದು ಟಣ್ ಎನ್ನುತ್ತದೆ, ಹಸಿ ಧಪ್ ಎನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಸಡಿಲಾಗಿರಬೇಕು. ಒಣಗಿಸುವುದಕ್ಕೂ ರೀತಿಯಿದೆ. ಮೊದಲು ಸೀಳಬೇಕು. ನೆಲಕ್ಕೆ ತಾಗದ ಹಾಗೆ ಅಡಿಗೆ ಎರಡು ದಿಮ್ಮಿ ಕೊಟ್ಟು ಪೇರಿಸಬೇಕು. ಮೇಲೆ ಮಾತ್ರ ಹೊದೆಸಿ ಬದಿಗಳನ್ನು ಗಾಳಿಗೆ ಬಿಡಬೇಕು. ಸುತ್ತಲೂ ಟಾರ್ಪಾಲು ಬಿಗಿದರೆ ಮಲೆನಾಡಿನ ಮಳೆಯಲ್ಲಿ ಅಣಬೆ ಏಳುತ್ತದೆ ಅಷ್ಟೆ.

ಇನ್ನು ಮಿಷನ್ನು. ಮರ ಕೊಯ್ಯುವ ಚೈನ್ ಸಾಗೆ ನಮ್ಮ ಕಡೆ ಹಾಗೇ ಹೇಳುವುದು. ಅದರ ಇತಿಹಾಸದಲ್ಲಿ ನಿಮಗೆ ಆಶ್ಚರ್ಯವಾಗುವ ಒಂದು ಸಂಗತಿಯಿದೆ. ಹಲ್ಲಿನ ಸರಪಳಿಯ ಗರಗಸ ಮೊದಲು ಬಂದದ್ದು ಕಾಡಿನಲ್ಲಲ್ಲ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು, ಕಷ್ಟದ ಹೆರಿಗೆಯಲ್ಲಿ ತಾಯಿಯ ಕಟಿಯ ಮೂಳೆಯ ಜೋಡಣೆಯನ್ನು ಕತ್ತರಿಸಲು ಕೈಯಿಂದ ಎಳೆಯುವ ಅಂಥ ಸಣ್ಣ ಗರಗಸ ಬಳಸಿದರು. ಇವತ್ತು ಇದು ಗಂಡಸರ ಯಂತ್ರ ಎಂದು ಯಾರಾದರೂ ಹೇಳಿದರೆ ನನಗೆ ಇದು ನೆನಪಾಗುತ್ತದೆ.

ನಮ್ಮ ಡಿಪೋದಲ್ಲೂ ಮಿಷನ್ನು ಅಪ್ಪನದು, ತಕ್ಕಡಿ ಅಮ್ಮನದು ಎಂದಿತ್ತು. ಅಪ್ಪ ಕಿವಿಗೆ ಏನೂ ಹಾಕಿಕೊಳ್ಳದೆ ವರ್ಷಗಟ್ಟಲೆ ಕೆಲಸ ಮಾಡಿದರು. 85 ಡೆಸಿಬಲ್ ಸದ್ದನ್ನು ದಿನವಿಡೀ ಕೇಳಿದರೇ ಕಿವಿಗೆ ಅಪಾಯ. ಈ ಮಿಷನ್ನಿನದು 100ಕ್ಕೂ ಹೆಚ್ಚು. ಕೊನೆಕೊನೆಗೆ ಫೋನಿನಲ್ಲಿ ನಾನು ಹೇಳಿದ್ದು ಅವರಿಗೆ ಕೇಳಿಸುತ್ತಿರಲಿಲ್ಲ, ಅಮ್ಮ ಪಕ್ಕದಲ್ಲಿ ನಿಂತು ಕೂಗಿ ಹೇಳಬೇಕಾಗುತ್ತಿತ್ತು. 2019ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮರುವರ್ಷ ತೀರಿಕೊಂಡರು.

ಅಪ್ಪ ಹಾಸಿಗೆ ಹಿಡಿದಾಗ ಅಡಿಕೆ ಸೀಸನ್ ಶುರುವಾಗುವುದರಲ್ಲಿತ್ತು. ಗಿರಾಕಿಗಳು ಕೊಟ್ಟ ಮುಂಗಡ ಬ್ಯಾಂಕಿನಲ್ಲಿತ್ತು. ಖಾತೆ ಅಪ್ಪನ ಒಬ್ಬರ ಹೆಸರಿನಲ್ಲಿ. ಲೈಸೆನ್ಸು, ಕರೆಂಟ್ ಮೀಟರು, ಶೆಡ್ಡಿನ ಜಾಗ ಎಲ್ಲವೂ ಅಪ್ಪನ ಹೆಸರಿನಲ್ಲಿ. ಇಪ್ಪತ್ತೈದು ವರ್ಷ ತೂಗಿದವಳು, ಉದ್ರಿ ಪುಸ್ತಕ ಬರೆದವಳು, ಲಾರಿಯವನ ಹತ್ತಿರ ಚೌಕಾಸಿ ಮಾಡಿದವಳು ಅಮ್ಮ. ಬ್ಯಾಂಕಿನ ಫಾರಂನಲ್ಲಿ ‘ಉದ್ಯೋಗ’ ಎಂಬ ಜಾಗದಲ್ಲಿ ಆಕೆ ‘ಗೃಹಿಣಿ’. ನಮ್ಮದೇ ದುಡ್ಡು ನಮಗೆ ಸಿಗದೆ, ಹಸಿ ಮರದ ಸಾಲ ತೀರಿಸಲು ಅಮ್ಮ ಬಳೆ ಅಡವಿಟ್ಟಳು.

ಅದೇ ತಿಂಗಳು ಮಿಷನ್ನು ಹಿಡಿಯಲು ಬಂದ ತಾತ್ಕಾಲಿಕ ಆಳು ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ತುಂಬಿಸಿದ. ಇದು ಟೂ ಸ್ಟ್ರೋಕ್ ಇಂಜಿನ್ನು, ಪೆಟ್ರೋಲಿನ ಜೊತೆ ಹೋಗುವ ಆಯಿಲೇ ಪಿಸ್ಟನ್ನಿಗೆ ಜಾರಿಕೆ. ಪಿಸ್ಟನ್ ಕಚ್ಚಿಕೊಂಡು ನಿಂತಿತು. ಅಂದಿನಿಂದ ಪೆಟ್ರೋಲ್ ಕ್ಯಾನಿನ ಬೀಗದ ಕೈ ಅಮ್ಮನ ಸೊಂಟದಲ್ಲಿ. ಲೀಟರಿಗೆ 20 ಮಿ.ಲೀ. ಟೂಟಿ ಆಯಿಲ್. ಕೆಮ್ಮಿನ ಔಷಧದ ಜೊತೆ ಬರುವ 10 ಮಿ.ಲೀ. ಮುಚ್ಚಳದಲ್ಲಿ ಎರಡು ಸಲ ಅಳೆದು ಹಾಕಿ, ಕುಲುಕಿ, ತಾನೇ ತುಂಬಿಸುತ್ತಾಳೆ.

ರಜೆ ಹಾಕಿ ಊರಿಗೆ ಹೋಗಿದ್ದ ನಾನು, ಮ್ಯಾನ್ಯುಯಲ್ ಓದಿ ಅಮ್ಮನಿಗೆ ಕನ್ನಡದಲ್ಲಿ ಬರೆದುಕೊಟ್ಟೆ. ಆ ಹಾಳೆ ಈಗಲೂ ಶೆಡ್ಡಿನ ಗೋಡೆಯ ಮೇಲಿದೆ. ಸರಪಳಿ ಹರಿತವಾಗಿದ್ದರೆ ಚೂರು ಬೀಳುತ್ತದೆ, ಮೊಂಡಾಗಿದ್ದರೆ ಹುಡಿ ಬೀಳುತ್ತದೆ. ಹುಡಿ ಕಂಡ ತಕ್ಷಣ ನಿಲ್ಲಿಸಿ ಅರ ಹಾಕಿ. ನಮ್ಮ ಸರಪಳಿಗೆ 4.8 ಮಿ.ಮೀ. ಗುಂಡು ಅರ, 30 ಡಿಗ್ರಿ ಓರೆ. ಮುಂದಕ್ಕೆ ಮಾತ್ರ ಉಜ್ಜಿ, ಹಿಂದಕ್ಕೆ ಎಳೆಯಬೇಡಿ. ಪ್ರತಿ ಹಲ್ಲಿಗೂ ಅಷ್ಟೇ ಸಲ, ಇಲ್ಲದಿದ್ದರೆ ಕೊಯ್ತ ಒಂದು ಕಡೆಗೆ ಎಳೆಯುತ್ತದೆ. ಏರ್ ಫಿಲ್ಟರ್ ದಿನಾ ಕೊಡವಿ. ಬಾರಿನ ಗಾಡಿಯಲ್ಲಿ ಸೇರಿದ ಹೊಟ್ಟು ಕೆರೆದು, ಆಯಿಲ್ ಬರುವ ತೂತು ತೆರೆದಿದೆಯೇ ನೋಡಿ. ಒಂದೇ ಬದಿ ಸವೆಯದಂತೆ ಬಾರನ್ನು ಆಗಾಗ ಮಗುಚಿ ಹಾಕಿ. ಕೆಲಸ ಮುಗಿದಮೇಲೆ ಸರಪಳಿ ಸ್ವಲ್ಪ ಸಡಿಲಿಸಿ, ಬಿಸಿಯಲ್ಲಿ ಬಿಗಿದದ್ದು ತಣ್ಣಗಾದಾಗ ಕುಗ್ಗುತ್ತದೆ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ನು ಮುಖಕ್ಕೆ ಒದೆಯುತ್ತದೆ, ಆದ್ದರಿಂದ ತುದಿಯಿಂದ ಕೊಯ್ಯಬೇಡಿ. ಕೊನೆಯ ಸಾಲು ಅಮ್ಮನದು: ಲುಂಗಿ, ಹವಾಯಿ ಚಪ್ಪಲಿಯಲ್ಲಿ ಬಂದವರಿಗೆ ಮಿಷನ್ನು ಇಲ್ಲ.

ಅಮ್ಮ ಮಿಷನ್ನು ಹಿಡಿದು ಮರ ಕೊಯ್ಯುವುದಿಲ್ಲ. ಆದರೆ ಅರ ಹಾಕುವುದು ಈಗ ಆಕೆಯೇ. ಅಕ್ಕಿ ಆರಿಸುವ ತಾಳ್ಮೆಯೇ ಸಾಕು ಎನ್ನುತ್ತಾಳೆ. ಯಂತ್ರ ತಿಳಿದಮೇಲೆ ಆಳುಗಳು ಆಕೆಯ ಮಾತಿಗೆ ಕೊಡುವ ಬೆಲೆಯೂ ಬದಲಾಯಿತು.

ಸಾವಿನ ಮನೆಯ ಮಾತೂ ಹೇಳಿಬಿಡುತ್ತೇನೆ. ಒಂದು ಚಿತೆಗೆ ಮೂರ್ನಾಲ್ಕು ಕ್ವಿಂಟಲ್ ಒಣ ಸೌದೆ ಬೇಕು. ಅದು ಹೊತ್ತು ನೋಡಿ ಬರುವ ಗಿರಾಕಿಯಲ್ಲ. ಜುಲೈ ಮಳೆಯಲ್ಲಿ ನಡುರಾತ್ರಿ ಗೇಟು ಬಡಿದರೆ ಅಮ್ಮ ಟಾರ್ಚು ಹಿಡಿದು ಹೋಗುತ್ತಾಳೆ. ಅದಕ್ಕೆಂದೇ ಶೆಡ್ಡಿನ ಒಂದು ಮೂಲೆಯ ಸೌದೆಯನ್ನು ಯಾವ ಮದುವೆಗೂ ಕೊಡುವುದಿಲ್ಲ. ಆ ರಾತ್ರಿ ದುಡ್ಡು ಕೇಳುವುದೂ ಇಲ್ಲ. ಹದಿಮೂರು ದಿನ ಕಳೆದಮೇಲೆ ಅವರಾಗಿ ಬಂದು ಕೊಡುತ್ತಾರೆ. ಕೆಲವರು ಕೊಡುವುದಿಲ್ಲ, ಅದು ಉದ್ರಿ ಪುಸ್ತಕಕ್ಕೆ ಹೋಗುವುದಿಲ್ಲ. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಅಪ್ಪನ ಚಿತೆಯ ಸೌದೆಯನ್ನು ಮಾತ್ರ ಅಮ್ಮ ಒಂದೊಂದಾಗಿ ತಟ್ಟಿ ನೋಡಿ ಲಾರಿಗೆ ಹಾಕಿಸಿದಳು.

ಈಗ ಡಿಪೋ ಅಮ್ಮನ ಹೆಸರಿನಲ್ಲಿದೆ. ಉದ್ಯಮ್ ನೋಂದಣಿ ಮಾಡಿಸಿದೆವು. ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ಶುಲ್ಕವಿಲ್ಲ. ಹೊಸ ಚಾಲ್ತಿ ಖಾತೆಗೆ ಅಮ್ಮ ಮತ್ತು ನಾನು ಇಬ್ಬರೂ ಸಹಿ. ಜಾಗವನ್ನು ಲೇಔಟಿಗೆ ಕೊಡಿ ಎಂದು ಕೇಳುವವರು ಬರುತ್ತಲೇ ಇದ್ದಾರೆ. ನನ್ನ ಅಣ್ಣನಿಗೂ ಕೊಡೋಣ ಎಂದೇ ಇದೆ, ಅವನ ಮಾತು ಪೂರ್ತಿ ತಪ್ಪೂ ಅಲ್ಲ. ಅಮ್ಮನಿಗೆ ಮಂಡಿನೋವು. ಅಡಿಕೆ ಬೇಯಿಸಲೂ ಗ್ಯಾಸ್ ಒಲೆಗಳು ಬರುತ್ತಿವೆ. ಇನ್ನು ಎಷ್ಟು ವರ್ಷವೋ ನಾನು ಹೇಳಲಾರೆ. ಆದರೆ ಮುಚ್ಚುವುದಾದರೂ ನಡೆಸುವುದಾದರೂ ಸಹಿ ಹಾಕುವವಳು ಅಮ್ಮ. ಆ ಮಾತು ಈಗ ಮನೆಯಲ್ಲಿ ಎಲ್ಲರಿಗೂ ತಿಳಿದಿದೆ.

ಗೆಳತಿಯರೆ, ಊರಿನಲ್ಲಿ ನಿಮ್ಮ ಮನೆಯವರದ್ದೂ ಒಂದು ಅಂಗಡಿ, ಗಿರಣಿ, ತೋಟ ಇರಬಹುದು. ಈ ಸಲ ರಜೆಗೆ ಹೋದಾಗ ಮೂರು ವಿಷಯ ಕೇಳಿ. ಬ್ಯಾಂಕಿನ ಖಾತೆಯಲ್ಲಿ ಅಮ್ಮನ ಅಥವಾ ಅತ್ತೆಯ ಹೆಸರಿದೆಯೇ? ಯಾರು ಎಷ್ಟು ಕೊಡಬೇಕು ಎಂಬುದು ಪುಸ್ತಕದಲ್ಲಿದೆಯೇ ಅಥವಾ ಒಬ್ಬರ ತಲೆಯಲ್ಲಿ ಮಾತ್ರ ಇದೆಯೇ? ಅಲ್ಲಿರುವ ಯಂತ್ರ ನಿಂತರೆ ಮನೆಯ ಹೆಂಗಸರಲ್ಲಿ ಯಾರಿಗಾದರೂ ಏಕೆಂದು ತಿಳಿಯುತ್ತದೆಯೇ? ಕಾಯಿಲೆ ಬಂದಮೇಲೆ ಕೇಳಿದರೆ ಉತ್ತರ ಸಿಗುವುದು ಕಷ್ಟ. ಎಲ್ಲರೂ ಚೆನ್ನಾಗಿರುವಾಗಲೇ ಕೇಳಿ.