ವೆಚ್ಚವೆಂಬ ಮಾತಿನ ತೂಕ

(ತಾವರೆಕೆರೆಯ ಸಭೆಯಲ್ಲಿ ಮಾಡಿದ ಭಾಷಣ)



ಇಂಗ್ಲಿಷಿನಲ್ಲಿ ಬಳಕೆ ತಪ್ಪಿಹೋದ ಒಂದು ಕ್ರಿಯಾಪದವನ್ನು ಕುರಿತು ತಾವರೆಕೆರೆಯ ರೈತರೆದುರಿಗೆ ಮಾತನಾಡುವುದು ವಿಚಿತ್ರವೆಂದು ತಮಗೆ ತೋರಬಹುದು. ಆದರೆ ಅದು ಹಣಕ್ಕೆ ಸಂಬಂಧಿಸಿದ ಮಾತು. ಹಣವಾದರೋ ಪಂಡಿತ ಪಾಮರರೆಲ್ಲರಿಗೂ ಸಂಬಂಧಪಟ್ಟುದು.

ಆ ಪದವು ‘ಡಿಸ್ಪೆಂಡ್’ ಎಂಬುದು. ವೆಚ್ಚಮಾಡು ಎಂದು ಅದರ ಅರ್ಥ. ೧೪ನೆಯ ಶತಮಾನದ ಆಂಗ್ಲಕವಿ ಚಾಸರನು ಇದನ್ನು ಬಳಸಿರುವನು. ಫ್ರೆಂಚಿನ ಮೂಲಕ ಲ್ಯಾಟಿನಿನಿಂದ ಬಂದ ಈ ಮಾತಿಗೆ ಮೂಲದಲ್ಲಿ ‘ತೂಗಿ ಕೊಡು’ ಎಂಬ ಭಾವವುಂಟು. ನಾಣ್ಯಗಳು ಬಳಕೆಗೆ ಬರುವ ಮುನ್ನ ರೋಮಿನವರು ಕಂಚಿನ ಗಟ್ಟಿಗಳನ್ನು ತಕ್ಕಡಿಯಲ್ಲಿ ತೂಗಿ ಸಲ್ಲಿಸುತ್ತಿದ್ದುದರಿಂದ, ತೂಗುವುದೆಂಬ ಮಾತೇ ಹಣ ಕೊಡುವುದೆಂಬ ಅರ್ಥವನ್ನೂ ಪಡೆಯಿತು. ಕಾಲಕ್ರಮದಲ್ಲಿ ‘ಸ್ಪೆಂಡ್’ ಎಂಬ ಗಿಡ್ಡ ರೂಪವು ನೆಲೆನಿಂತು, ‘ಡಿಸ್ಪೆಂಡ್’ ಮರೆಯಾಯಿತು. ಅದರ ಒಡಹುಟ್ಟಾದ ‘ಡಿಸ್ಪೆನ್ಸ್’ ಮಾತ್ರ ಉಳಿದುಕೊಂಡಿದೆ. ಔಷಧವನ್ನು ಅಳೆದು ತೂಗಿ ಕೊಡುವ ಸ್ಥಳವನ್ನು ನಮ್ಮ ಹಳ್ಳಿಗರೂ ಡಿಸ್ಪೆನ್ಸರಿ ಎಂದು ಕರೆಯುವರಷ್ಟೆ.

ಇನ್ನು ನಮ್ಮ ಮಾತುಗಳನ್ನು ನೋಡೋಣ. ಯುಗಾದಿಯಂದು ಪಂಚಾಂಗಶ್ರವಣ ಮಾಡುವಾಗ, ನಮ್ಮ ರಾಶಿಗೆ ಆಯವೆಷ್ಟು, ವ್ಯಯವೆಷ್ಟು ಎಂದು ಕೇಳಿ ತಿಳಿಯುತ್ತೇವೆ. ಸಂಸ್ಕೃತದಲ್ಲಿ ಆಯವೆಂದರೆ ಬರುವುದು. ವ್ಯಯವೆಂದರೆ ಅಗಲಿ ಹೋಗುವುದು. ಈ ವ್ಯಯವೇ ಹಳಗನ್ನಡದಲ್ಲಿ ‘ಬೀಯ’ವಾಯಿತು. ‘ಖರ್ಚು’ ಎಂಬುದು ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮೂಲಕ ಬಂದುದು. ಅದಕ್ಕೂ ಹೊರಗೆ ಹೋಗುವುದೆಂದೇ ಮೂಲಾರ್ಥ. ತಮ್ಮ ನೆರೆಯ ಶಿರಾ ಪಟ್ಟಣವು ೧೬೮೭ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದುದನ್ನು ತಾವು ಬಲ್ಲಿರಿ. ಅಂದಿನ ದಫ್ತರಗಳ ಮಾತುಗಳು ಇಂದಿಗೂ ನಮ್ಮ ನಾಲಗೆಯ ಮೇಲಿವೆ. ಜಮಾ ಎಂದರೆ ಕೂಡಿದುದು, ವಸೂಲು ಎಂದರೆ ಬಂದು ತಲಪಿದುದು, ಬಾಕಿ ಎಂದರೆ ಉಳಿದುದು. ಇವು ಈಗ ಪರಭಾಷೆಯ ಮಾತುಗಳಲ್ಲ. ಕನ್ನಡಿಗರು ದುಡಿಸಿ ತಮ್ಮವಾಗಿ ಮಾಡಿಕೊಂಡವು.

ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವ್ಯಯವೂ ಖರ್ಚೂ ಹಣವು ತಾನಾಗಿಯೇ ನಡೆದು ಹೋಯಿತೆಂಬಂತೆ ನುಡಿಯುತ್ತವೆ. ಆ ಹಳೆಯ ಆಂಗ್ಲಪದದಲ್ಲಾದರೋ ತಕ್ಕಡಿಯಿದೆ. ತಕ್ಕಡಿಯನ್ನು ಹಿಡಿದ ಕೈಯೂ ಇದೆ. ನಮ್ಮಲ್ಲಿ ‘ಖರ್ಚಾಯಿತು’ ಎನ್ನುವುದಕ್ಕೂ ‘ಖರ್ಚು ಮಾಡಿದೆವು’ ಎನ್ನುವುದಕ್ಕೂ ಅಂತರವು ಬಹಳ. ‘ಆಗು’ ಎಂದಾಗ ಕರ್ತೃವು ಅಡಗುತ್ತಾನೆ. ‘ಮಾಡು’ ಎಂದಾಗ ಎದುರು ಬಂದು ನಿಲ್ಲುತ್ತಾನೆ. ಕೆರೆಯ ಹೂಳೆತ್ತಲು ಇಷ್ಟು ಹಣ ವೆಚ್ಚವಾಗಿದೆಯೆಂದು ಬರೆದರೆ ಲೆಕ್ಕವು ಮುಗಿದಂತೆ ಕಾಣುವುದು. ಇಂಥವರು ಇಷ್ಟು ವೆಚ್ಚ ಮಾಡಿದರೆಂದು ಬರೆದರೆ, ಹೂಳೆಲ್ಲಿ ಹೋಯಿತು, ಕೂಲಿ ಯಾರಿಗೆ ಸಂದಿತು ಎಂಬ ಪ್ರಶ್ನೆಗೆ ಬಾಯಿ ಬರುವುದು.

ಇದು ವ್ಯಾಕರಣದ ವಿನೋದವಲ್ಲ. ಇಂದು ಗ್ರಾಮ ಪಂಚಾಯಿತಿಗಳು ೧೯೯೩ರ ಪಂಚಾಯತ್ ರಾಜ್ ಅಧಿನಿಯಮದಂತೆ ನಡೆಯುತ್ತಿವೆ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಜನರ ಮುಂದೆ ಪರಿಶೀಲಿಸಬೇಕು. ಹಿಂದೆ ರೈತನಿಂದ ಕಂದಾಯವನ್ನು ಗೊತ್ತುಪಡಿಸಿದ ಶಬ್ದವೇ ಇಂದು ರೈತನಿಗೆ ಲೆಕ್ಕ ಒಪ್ಪಿಸುವ ಶಬ್ದವಾಗಿದೆ. ಶಬ್ದಗಳಿಗೆ ಬಂದ ಭಾಗ್ಯಗಳಲ್ಲಿ ಇದಕ್ಕಿಂತ ಹಿರಿದು ಯಾವುದು?

೧೯೫೬ಕ್ಕೆ ಮುಂಚೆ ಕನ್ನಡ ಜನರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಹೈದರಾಬಾದಿನ ಕಚೇರಿಯಲ್ಲಿ ಉರ್ದು, ಮುಂಬಯಿ ಮದರಾಸುಗಳ ಮೇಲಿನ ಕಚೇರಿಗಳಲ್ಲಿ ಇಂಗ್ಲಿಷು. ತನ್ನ ತೆರಿಗೆಯ ಲೆಕ್ಕವನ್ನು ಕೇಳಲು ಕನ್ನಡಿಗನಿಗೆ ದುಭಾಷಿ ಬೇಕಾಗಿದ್ದನು. ನಾಡು ಒಂದಾದ ಮೇಲೆ, ೧೯೬೩ರ ಕಾಯಿದೆಯಿಂದ ಕನ್ನಡವು ಆಡಳಿತ ಭಾಷೆಯಾಯಿತು. ಆದರೂ ಕನ್ನಡ ಲಿಪಿಯಲ್ಲಿದ್ದ ಮಾತ್ರಕ್ಕೆ ಲೆಕ್ಕವು ಕನ್ನಡವಾಗದು. ಕೇಳಿದವನಿಗೆ ತಿಳಿದರೆ ಮಾತ್ರ ಅದು ಕನ್ನಡ.

ಆದುದರಿಂದ ಮುಂದಿನ ಜಮಾಬಂದಿಗೆ ತಾವೆಲ್ಲರೂ ಹೋಗಬೇಕು. ‘ವೆಚ್ಚವಾಗಿದೆ’ ಎಂದು ಓದಿದೊಡನೆ ‘ಮಾಡಿದವರಾರು?’ ಎಂದು ವಿನಯದಿಂದಲೇ ಕೇಳಬೇಕು. ‘ಅಳೆದು ತೂಗಿ’ ಎಂಬ ಮಾತು ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಆ ತಕ್ಕಡಿಯು ಊರಿನವರ ಕೈಯಲ್ಲಿರಲೆಂದು ಹಾರೈಸಿ ವಿರಮಿಸುತ್ತೇವೆ.