ಒಲೆಯ ಬದಿಯ ಜಾಗ

ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕೂತು, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ತಿಂದವರಿಗೆ ನಾನಿವತ್ತು ಹೇಳುವ ಕಥೆ ಬೇಗ ಹತ್ತಿರವಾಗುತ್ತದೆ.

ಜಪಾನಿನ ಹಳ್ಳಿಮನೆಗಳಲ್ಲಿ ಇರೋರಿ ಅಂತ ಒಂದು ಒಲೆಯಿತ್ತು. ನೆಲದಲ್ಲೇ ಚೌಕದ ಗುಣಿ, ಅದರ ತುಂಬ ಬೂದಿ, ನಡುವೆ ಕೆಂಡ. ಮೇಲಿಂದ ಇಳಿಬಿಟ್ಟ ಕೊಕ್ಕೆಗೆ ಪಾತ್ರೆ. ಆ ಕೊಕ್ಕೆಯನ್ನು ಏರಿಸಿ ಇಳಿಸುವ ಮರದ ತುಂಡನ್ನು ಎಷ್ಟೋ ಮನೆಗಳಲ್ಲಿ ಮೀನಿನಂತೆ ಕೆತ್ತುತ್ತಿದ್ದರು. ನೀರಿನ ಜೀವಿ ಮನೆಯನ್ನು ಬೆಂಕಿಯಿಂದ ಕಾಯಲಿ ಅಂತ. ಮೇಲೇರಿದ ಹೊಗೆ ಹುಲ್ಲಿನ ಮಾಡಿಗೆ ಹುಳ ಹಿಡಿಯದಂತೆ ನೋಡಿಕೊಳ್ಳುತ್ತಿತ್ತು. ಯಜಮಾನ ಯಾವ ಬದಿ, ಅತಿಥಿ ಯಾವ ಬದಿ ಅನ್ನುವುದಕ್ಕೂ ಕ್ರಮವಿತ್ತು. ನೂರಾರು ವರ್ಷ ಹೀಗೇ ನಡೆಯಿತು. ಆಮೇಲೆ ಗ್ಯಾಸ್ ಬಂತು, ವಿದ್ಯುತ್ ಬಂತು, ಗುಣಿಗಳ ಮೇಲೆ ಹಲಗೆ ಬಿತ್ತು.

ಇಲ್ಲಿ ನನಗೆ ತುಂಬ ಇಷ್ಟವಾದ ಒಬ್ಬರು ಬರುತ್ತಾರೆ: ಸೆಂಡೈ ಊರಿನ ಅಮಾಯೆ ತೊಮಿಹಾರು. ಕೊಕೆಶಿ ಅನ್ನುವ ಮರದ ಗೊಂಬೆಗಳೆಂದರೆ ಅವರಿಗೆ ಪ್ರಾಣ. ನಮ್ಮ ಚನ್ನಪಟ್ಟಣದ ಗೊಂಬೆಗಳ ಹಾಗೆ ಲೇತಿನಲ್ಲಿ ಕಡೆದ, ಕೈಕಾಲಿಲ್ಲದ ಗೊಂಬೆಗಳವು. 1928ರಲ್ಲೇ ಅವುಗಳ ಬಗ್ಗೆ ಪುಸ್ತಕ ಬರೆದವರು. ಇಂಥವರು 1950ರಲ್ಲಿ ಪಾನಗೃಹ ತೆರೆದಾಗ ಒಳಗೇನಿಟ್ಟರು ಗೊತ್ತೇ? ಹಳ್ಳಿಯ ಒಲೆ! ಆ ಪಾನಗೃಹಕ್ಕಿಟ್ಟ ಹೆಸರು ರೊಬಾತಾ, ಅಂದರೆ ಒಲೆಯ ಬದಿ. ಗಿರಾಕಿಗಳು ಸುತ್ತ ಕೂರಬೇಕು. ಒಲೆಯ ಬಳಿ ಕೂತು ಬಡಿಸುವವರು ದೋಣಿಯ ಹುಟ್ಟಿನಂಥ ಉದ್ದನೆಯ ಮರದ ಸೌಟಿನ ಮೇಲೆ ಸಾಕೆ ಅನ್ನುವ ಅಕ್ಕಿಯ ಮದ್ಯ ಇಟ್ಟು, ಅದನ್ನು ನಿಧಾನವಾಗಿ ನಿಮ್ಮ ಮುಂದಕ್ಕೆ ಚಾಚುತ್ತಾರೆ.

ಈ ಪದ್ಧತಿ ಹೊಕ್ಕೈಡೊದ ಬಂದರು ಕುಶಿರೋಗೆ ಹೋಗಿ, ಅಲ್ಲಿ ಕೆಂಡದ ಮೇಲೆ ಮೀನು ಸುಡುವ ಊಟವಾಯಿತು. 1970ರಲ್ಲಿ ಟೋಕಿಯೋದ ರೊಪ್ಪೊಂಗಿಯಲ್ಲಿ ಇನಾಕಾಯಾ ಶುರುವಾಯಿತು. ಆ ಹೆಸರಿಗೇ ಹಳ್ಳಿಮನೆ ಅಂತ ಅರ್ಥ. ಅಲ್ಲಿ ಮೀನು, ತರಕಾರಿ ರಾಶಿಯ ಹಿಂದೆ ಮಂಡಿಯೂರಿದ ಅಡುಗೆಯವರು ಅದೇ ಉದ್ದ ಸೌಟು ಚಾಚುತ್ತಾರೆ. ಈಗ ರೊಬಾತಾ ಅನ್ನುವ ಹೆಸರು ಲೋಕದ ದೊಡ್ಡ ಊರುಗಳಲ್ಲೆಲ್ಲ ಇದೆ. ಎಷ್ಟೋ ಕಡೆ ಹಲಗೆಯ ಮೇಲೆ ಒಲೆಯ ಹೆಸರಿದ್ದು, ಒಲೆ ಮಾತ್ರ ಗೋಡೆಯಾಚೆ ಉರಿಯುತ್ತಿರುತ್ತದೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಒಲೆಯ ಹೆಸರಿನಲ್ಲಿ ಹೋಟೆಲು ತೆರೆಯುವವರಲ್ಲಿ ನನ್ನದೊಂದು ವಿನಂತಿ. ಗೋಡೆಗೆ ಮಸಿಬಣ್ಣ ಬಳಿಯುವ ಮೊದಲು, ಬೆಂಕಿಯ ಪಕ್ಕ ಯಾರು ಕೂರುತ್ತಾರೆ ಅಂತ ನಿರ್ಧರಿಸಿ. ನಮ್ಮಜ್ಜಿ ಕೆಂಡ ಕೆದಕಿ ಬೀಜ ತೆಗೆದು, ಬೂದಿ ಊದಿ, "ಹಿಡ್ಕೋ ಮಗಾ, ಬಿಸಿ ಇದೆ" ಅನ್ನುತ್ತಿದ್ದಳು. ಅಮಾಯೆಯವರ ಸೌಟಿನ ಚಿತ್ರ ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಆ ಕೈ.