ಸಾಧಕರ ಪಟ್ಟಿಗೆ ಇನ್ನೂ ಕೆಲವು ಹೆಸರುಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹಳೆಯ ವಿದ್ಯಾರ್ಥಿಗಳ ಸಾಧನೆಯ ಬಗ್ಗೆ ನಾಲ್ಕು ಮಾತನಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ಹೇಳಿಕೊಳ್ಳಲು ನಮಗೆ ಬೇಕಾದಷ್ಟಿದೆ. ಇಲ್ಲಿ ಓದಿದವರು ವೈದ್ಯರಾಗಿದ್ದಾರೆ, ಎಂಜಿನಿಯರುಗಳಾಗಿದ್ದಾರೆ, ಸೈನ್ಯದಲ್ಲಿ ಗಡಿ ಕಾದು ಬಂದಿದ್ದಾರೆ. ಬಸ್ಸು ಓಡಿಸುವವರು, ಮಳೆಗಾಳಿಯಲ್ಲಿ ಕಂಬ ಹತ್ತಿ ಊರಿಗೆ ಬೆಳಕು ಕೊಡುವ ಲೈನ್‌ಮ್ಯಾನ್‌ಗಳು, ಅಂಗನವಾಡಿ ಕಾರ್ಯಕರ್ತೆಯರು ಇದ್ದಾರೆ. ಇದೇ ಶಾಲೆಗೆ ಶಿಕ್ಷಕರಾಗಿ ಬಂದವರೂ ಇದ್ದಾರೆ.

ಊರಿನ ಹತ್ತಿರ ಒಂದು ಹೈಸ್ಕೂಲು ಇರುವುದೆಂದರೆ ಏನೆಂದು ತಿಳಿಯಲು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರನ್ನು ನೆನೆಯಬೇಕು. ಅಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದುಕೊಂಡು ಹೋದರು. ಮುಂದೆ ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅಷ್ಟಾದ ಮೇಲೂ ಈ ಕಡೆಯ ಮಕ್ಕಳನ್ನು ಮರೆಯದೆ ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ಕಟ್ಟಿದರು. ಅಷ್ಟು ದೂರ ನಡೆಯುವ ಛಲ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಹೆಣ್ಣುಮಗಳಿಗೆ ಛಲವಿದ್ದರೂ ಯಾರೂ ಕಳಿಸುತ್ತಿರಲಿಲ್ಲ. ಐವತ್ತು ವರ್ಷದ ಹಿಂದೆ ಈ ಶಾಲೆ ಶುರುವಾಯಿತೆಂದೇ ನನ್ನಂಥವರು ಹತ್ತನೆಯ ತರಗತಿ ಕಂಡೆವು.

ನಮ್ಮ ಕಾಲದ ನೆನಪುಗಳು ನೂರಾರು. ಇದ್ದಿಲು ಅರೆದು, ಸೊಪ್ಪಿನ ರಸ ಬೆರೆಸಿ ಕಪ್ಪುಹಲಗೆಗೆ ಬಳಿಯುವುದು ಶನಿವಾರದ ಕೆಲಸ. ಪ್ರಾರ್ಥನೆಯಲ್ಲಿ ವಾರ್ತೆ ಓದುವ ಸರದಿ ಬಂದರೆ ಹಿಂದಿನ ರಾತ್ರಿ ನಿದ್ದೆಯಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಮ್ಮ ಮೇಷ್ಟ್ರು ರಾತ್ರಿ ಕೂಡ ಶಾಲೆಯಲ್ಲೇ ಇದ್ದು ಲಾಟೀನಿನ ಬೆಳಕಿನಲ್ಲಿ ಲೆಕ್ಕ ಮಾಡಿಸುತ್ತಿದ್ದರು. ಅದಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಂಡವರಲ್ಲ.

ಅದೇ ಮೇಷ್ಟ್ರು ಹಾಜರಿ ಕೂಗುವಾಗ ಕೆಲವು ಹೆಸರಿಗೆ ಉತ್ತರವೇ ಬರುತ್ತಿರಲಿಲ್ಲ. ಕಡಲೆಕಾಯಿ ಕೀಳುವ ಕಾಲದಲ್ಲಿ ತರಗತಿ ಅರ್ಧ ಖಾಲಿ. ರೇಷ್ಮೆಹುಳು ಹಣ್ಣಾದರೆ ಚಂದ್ರಿಕೆಗೆ ಬಿಡಲು ಮನೆಯಲ್ಲಿ ಕೈ ಸಾಲದು. ಮೊದಲು ನಿಲ್ಲುತ್ತಿದ್ದವಳು ಹುಡುಗಿ. ಕೆಲವರು ಎರಡು ವಾರ ಬಿಟ್ಟು ಬಂದರು, ಕೆಲವರು ಬರಲೇ ಇಲ್ಲ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯೊಬ್ಬಳು ಲೆಕ್ಕದಲ್ಲಿ ಇಡೀ ತರಗತಿಗೇ ಮೊದಲು. ಒಂಬತ್ತನೆಯ ತರಗತಿ ಮುಗಿಯುವ ಮೊದಲೇ ಅವಳಿಗೆ ಮದುವೆ ಮಾಡಿದರು. ಹೆಣ್ಣಿಗೆ 18 ತುಂಬಬೇಕೆಂಬ ಕಾನೂನು ಆಗಲೂ ಇತ್ತು, ಊರು ಕೇಳಲಿಲ್ಲ. ಇಂದು ಅವಳು ತನ್ನೂರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಲೆಕ್ಕ ನೋಡಿಕೊಳ್ಳುತ್ತಾಳೆ. ಹಾಲಿನ ಫ್ಯಾಟ್ ನೋಡಿ ಯಾರಿಗೆಷ್ಟು ದುಡ್ಡೆಂದು ಬಾಯಲ್ಲೇ ಹೇಳುತ್ತಾಳೆ. ಇಬ್ಬರು ಹೆಣ್ಣುಮಕ್ಕಳನ್ನು ಪದವಿವರೆಗೆ ಓದಿಸಿದ್ದಾಳೆ. ಹತ್ತನೆಯದು ಪಾಸಾಗಿಲ್ಲವೆಂಬ ಕಾರಣಕ್ಕೆ ಅವಳ ಹೆಸರು ನಮ್ಮ ಸಾಧಕರ ಪಟ್ಟಿಯಲ್ಲಿ ಇರಬಾರದೇ? ಇರಬೇಕು ಎಂಬುದು ನನ್ನ ಕೋರಿಕೆ. ಅವಳಂಥವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ.

2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ, ಸುತ್ತಲ ಹಳ್ಳಿಗಳ ಹುಡುಗಿಯರು ಗುಂಪುಗುಂಪಾಗಿ ಬರುವುದನ್ನು ನೋಡಿದ್ದೇವೆ. ಬಿಸಿಯೂಟವೂ ಬಂತು. ಆದರೂ ಹಾಜರಿಯಲ್ಲಿ ಉತ್ತರ ಬಾರದ ಹೆಸರುಗಳು ಈಗಲೂ ಇವೆ ಎಂದು ಶಿಕ್ಷಕರು ಹೇಳುತ್ತಾರೆ. ಸರ್ಕಾರ ಸೈಕಲ್ ಕೊಡಬಹುದು. ಮನೆಯವರ ಮನಸ್ಸು ಒಲಿಸುವ ಕೆಲಸ ಊರಿನವರದ್ದು, ಅಂದರೆ ನಮ್ಮದು.

ಆದ್ದರಿಂದ ಮೂರು ವಿನಂತಿ. ಒಂದು, ಪ್ರತಿ ಹಳ್ಳಿಯಿಂದ ಇಬ್ಬರು ಹಳೆಯ ವಿದ್ಯಾರ್ಥಿಗಳು ಮುಂದೆ ಬನ್ನಿ. ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಮಗು ಒಂದು ವಾರ ಶಾಲೆಗೆ ಬರದಿದ್ದರೆ ಶಿಕ್ಷಕರು ನಿಮಗೆ ಫೋನ್ ಮಾಡಲಿ, ನೀವು ಆ ಮನೆಗೆ ಹೋಗಿ ಕೂತು ಮಾತಾಡಿ. ಎರಡು, ನಮ್ಮ ದತ್ತಿ ಬಹುಮಾನಗಳೆಲ್ಲ ಹೆಚ್ಚು ಅಂಕ ತೆಗೆದವರಿಗಿವೆ. ಬಿಟ್ಟು ಹೋಗಿ ಮರಳಿ ಬಂದು ಪಾಸಾದ ಮಗುವಿಗೂ ಒಂದಿರಲಿ. ಮೂರು, ನಿಂತು ಹೋದವರು ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯಬಹುದು. ಅಂಥವರಿಗೆ ಭಾನುವಾರ ಪಾಠ ಹೇಳಲು ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಕೋಣೆಗಳೂ ಇವೆ.

ಮಕ್ಕಳೇ, ನಿಮ್ಮ ಪಕ್ಕದ ಜಾಗ ನಾಳೆ ಖಾಲಿಯಾಗಿದ್ದರೆ ಸುಮ್ಮನಿರಬೇಡಿ, ನಿಮ್ಮ ಟೀಚರಿಗೆ ಹೇಳಿ. ಸಮಿತಿಯವರೇ, ಹಳ್ಳಿವಾರು ಹೆಸರು ಬರೆದುಕೊಳ್ಳಲು ಊಟದ ಪೆಂಡಾಲಿನ ಬಾಗಿಲಲ್ಲಿ ಒಂದು ಪುಸ್ತಕ ಇಡಿಸಿ. ನಮ್ಮ ಹಳ್ಳಿಯ ಹೆಸರಿನ ಮುಂದೆ ಮೊದಲು ನಾನೇ ಬರೆಯುತ್ತೇನೆ.